ಬಿಸಿಲಿನ ಪಟ್ಟಿಗೆ ಹುಲ್ಲು ಬೇಡ: ಬೆಂಗಳೂರಿನ ಬಡಾವಣೆ ಸಂಘಗಳಿಗೊಂದು ಬಹಿರಂಗ ಪತ್ರ

ಬೆಂಗಳೂರಿನ ಬಡಾವಣೆಗಳ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ತೋಟದ ಉಸ್ತುವಾರಿ ಹೊತ್ತವರಿಗೆ ಮತ್ತು ಎಲ್ಲ ಸದಸ್ಯರಿಗೆ,



ಇನ್ನು ಕೆಲವು ವಾರಗಳಲ್ಲಿ ನಿಮ್ಮಲ್ಲಿ ಬಹಳಷ್ಟು ಸಂಘಗಳು ತೋಟದ ನಿರ್ವಹಣೆಯ ಗುತ್ತಿಗೆಯನ್ನು ನವೀಕರಿಸುತ್ತವೆ. ಹಳೆಯ ಕರಾರನ್ನೇ ಮುಂದಿಟ್ಟುಕೊಂಡು, ದರ ಎಷ್ಟು ಏರಿದೆ ಎಂದು ಚೌಕಾಸಿ ಮಾಡಿ ಸಹಿ ಹಾಕುವುದು ವಾಡಿಕೆ. ಆ ಕರಾರಿನಲ್ಲಿ ಹುಲ್ಲುಹಾಸಿಗೆ ದಿನವೂ ನೀರು ಬಿಡಬೇಕು, ಆಗಾಗ ಕತ್ತರಿಸಬೇಕು ಎಂಬ ಸಾಲೊಂದು ಇರುತ್ತದೆ. ಈ ಸಲ ಸಹಿ ಹಾಕುವ ಮುನ್ನ ಆ ಒಂದು ಸಾಲಿನ ಮೇಲೆ ಚರ್ಚೆ ನಡೆಸಿ ಎಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ದೊಡ್ಡದಲ್ಲ. ಮಕ್ಕಳು ಆಡುವ ಜಾಗದಲ್ಲಿ, ಹಿರಿಯರು ಸಂಜೆ ಕೂತು ಮಾತಾಡುವ ಜಾಗದಲ್ಲಿ ಹುಲ್ಲು ಇರಲಿ. ಆದರೆ ಯಾರೂ ಕಾಲಿಡದ, ಬೆಳಗಿನಿಂದ ಸಂಜೆಯವರೆಗೂ ಬಿಸಿಲು ಬೀಳುವ ಪಟ್ಟಿಗಳು ಪ್ರತಿ ಬಡಾವಣೆಯಲ್ಲೂ ಇವೆ. ಕಾಂಪೌಂಡ್ ಗೋಡೆಯ ಪಕ್ಕದ್ದು, ರಸ್ತೆ ವಿಭಜಕದ ಮೇಲಿನದು, ಕ್ಲಬ್‌ಹೌಸ್ ಮುಂದಿನ ಇಳಿಜಾರು, ಕಾರು ನಿಲ್ಲಿಸುವ ಜಾಗದ ಅಂಚು. ಅಲ್ಲಿಂದ ಹುಲ್ಲು ತೆಗೆದು, ದಪ್ಪ ಎಲೆಯಲ್ಲಿ ನೀರು ತುಂಬಿಟ್ಟುಕೊಂಡು ನೆಲದ ಮೇಲೆ ಹಬ್ಬುವ ಗಿಡಗಳನ್ನು ಬೆಳೆಸಿ. ನರ್ಸರಿಯವರು ಇವನ್ನು ಸಕ್ಯುಲೆಂಟ್ ಎನ್ನುತ್ತಾರೆ, ಕನ್ನಡದಲ್ಲಿ ರಸಗಿಡ ಎನ್ನೋಣ. ಆ ಪಟ್ಟಿ ಹುಲ್ಲಿಗೆ ಶಿಕ್ಷೆ, ಈ ಗಿಡಗಳಿಗೆ ತವರು.

ಮೊದಲು ನೀರಿನ ಲೆಕ್ಕ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಲು ಒಂದು ಲೀಟರ್ ಬೇಕು. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಹುಲ್ಲುಹಾಸು ಹಸಿರಾಗಿ ಉಳಿಯಲು ದಿನಕ್ಕೆ ಸುಮಾರು 5 ಮಿ.ಮೀ. ನೀರು ಬೇಡುತ್ತದೆ. ಸಾವಿರ ಚದರ ಅಡಿ ಎಂದರೆ 93 ಚದರ ಮೀಟರ್. ಹಾಗಾಗಿ ದಿನಕ್ಕೆ 465 ಲೀಟರ್, ತಿಂಗಳಿಗೆ ಸುಮಾರು 14,000 ಲೀಟರ್. 6,000 ಲೀಟರಿನ ಟ್ಯಾಂಕರ್ ಎರಡು ಸಲ ಬಂದು ಹೋದರೂ ಸಾಲುವುದಿಲ್ಲ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ ಮಾನದಂಡ. ಅಂದರೆ ಯಾರೂ ತುಳಿಯದ ಒಂದು ಪಟ್ಟಿ ಹುಲ್ಲು ಮೂವರು ಮನುಷ್ಯರ ಪಾಲಿಗಿಂತ ಹೆಚ್ಚು ನೀರು ಕುಡಿಯುತ್ತಿದೆ. ಆ ನೀರಾದರೂ ಎಲ್ಲಿಂದ ಬರುತ್ತದೆ? ಕಾವೇರಿಯದಾದರೆ ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಪಂಪ್ ಮಾಡಿ, ಸುಮಾರು 100 ಕಿ.ಮೀ. ದೂರ ಸಾಗಿಸಿ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಏರಿಸಿ ತಂದದ್ದು. ಬೋರ್‌ವೆಲ್‌ನದಾದರೆ ನಮ್ಮ ಮಕ್ಕಳ ಕಾಲಕ್ಕೆಂದು ನೆಲದಡಿ ಉಳಿಯಬೇಕಾಗಿದ್ದ ನೀರು.

2024ರ ಮಾರ್ಚ್ ತಿಂಗಳು ನಮ್ಮೆಲ್ಲರಿಗೂ ನೆನಪಿದೆ. ಕೈತೋಟಕ್ಕೆ, ಕಾರು ತೊಳೆಯಲು, ಕಾರಂಜಿಗೆ ಕುಡಿಯುವ ನೀರು ಬಳಸಬಾರದೆಂದು ಜಲಮಂಡಳಿ ಆದೇಶ ಹೊರಡಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ಮರುವರ್ಷ ಫೆಬ್ರವರಿಯಲ್ಲೂ ಅದೇ ಆದೇಶ ಮತ್ತೆ ಬಂತು. ಎರಡು ಬೇಸಿಗೆ ಸಾಲಾಗಿ ಹೀಗಾದ ಮೇಲೂ ಮಳೆ ಬಿದ್ದ ಕೂಡಲೇ ನಮ್ಮ ಸಂಘಗಳು ಮಾಡಿದ ಮೊದಲ ಕೆಲಸ, ಒಣಗಿ ಹೋದ ಜಾಗಕ್ಕೆ ಮತ್ತೆ ಹುಲ್ಲಿನ ಹಾಳೆ ತರಿಸಿ ಹಾಸಿದ್ದು. ಇದು ನನಗೆ ನೋವು ತಂದ ಸಂಗತಿ. ಸ್ವಂತ ಶುದ್ಧೀಕರಣ ಘಟಕವಿರುವ ದೊಡ್ಡ ಅಪಾರ್ಟ್‌ಮೆಂಟ್‌ಗಳ ಮಾತು ಸ್ವಲ್ಪ ಬೇರೆ, ಒಪ್ಪುತ್ತೇನೆ. ಸಂಸ್ಕರಿಸಿದ ನೀರು ಸಾಕಷ್ಟಿದ್ದರೆ ಅವರು ಹುಲ್ಲು ಉಳಿಸಿಕೊಳ್ಳಬಹುದು. ಸಾಲು ಮನೆಗಳ ಬಡಾವಣೆಗಳಲ್ಲಿ ಆ ಅನುಕೂಲ ಇಲ್ಲ.

ಈ ಗಿಡಗಳು ಬಿಸಿಲನ್ನು ಹೇಗೆ ತಾಳುತ್ತವೆ ಎಂಬುದು ತಿಳಿದರೆ ಅವನ್ನು ನೋಡಿಕೊಳ್ಳುವ ಬಗೆಯೂ ತಿಳಿದಂತೆ. ಇದರ ಕತೆಗೆ ನಮ್ಮೂರಿನ ನಂಟು ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ ಅದರ ಉಸ್ತುವಾರಿ ಕೆಲಕಾಲ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞರದಾಗಿತ್ತು. ಭಾರತದಲ್ಲಿದ್ದಾಗ ಅವರು ಕಾಡುಬಸಳೆಯ ಎಲೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಬಾಯಿಗೆ ಹಾಕಿ ನೋಡಿದರು. ಬೆಳಗ್ಗೆ ಚೆನ್ನಾಗಿ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ. ಈ ಸಂಗತಿಯನ್ನು ಅವರು ಪತ್ರವೊಂದರಲ್ಲಿ ಬರೆದರು. 1815ರಲ್ಲಿ ಅದು ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಕಾರಣ ಪೂರ್ತಿ ಗೊತ್ತಾಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಸಾಮಾನ್ಯ ಗಿಡಗಳು ಹಗಲಲ್ಲಿ ಪತ್ರರಂಧ್ರ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತವೆ. ಹಾಗೆ ತೆರೆದಾಗ ಒಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ. ಕಾಡುಬಸಳೆಯಂಥವು ಬಿಸಿಲಿರುವಾಗ ರಂಧ್ರ ಮುಚ್ಚಿಕೊಂಡಿರುತ್ತವೆ. ರಾತ್ರಿ ತಂಪಾದ ಮೇಲೆ ತೆರೆದು, ಒಳಕ್ಕೆ ಎಳೆದುಕೊಂಡದ್ದನ್ನು ಮ್ಯಾಲಿಕ್ ಆಮ್ಲವಾಗಿ ಎಲೆಯಲ್ಲಿ ಕೂಡಿಡುತ್ತವೆ. ಬೆಳಗಿನ ಹುಳಿ ಆ ಆಮ್ಲದ್ದು. ಹಗಲಲ್ಲಿ ಬಿಸಿಲಿನ ಬಲದಿಂದ ಅದನ್ನು ಕರಗಿಸಿ ಆಹಾರ ಮಾಡಿಕೊಳ್ಳುತ್ತವೆ, ಹುಳಿ ಇಳಿಯುತ್ತದೆ.

ನೀವೇ ಪರೀಕ್ಷೆ ಮಾಡಬೇಕೆಂದರೆ ಕಾಡುಬಸಳೆ ಬೇಡ, ಅದರಲ್ಲಿ ಹೃದಯಕ್ಕೆ ಒಗ್ಗದ ಅಂಶಗಳಿವೆ. ಗೋಣಿ ಸೊಪ್ಪು ಸಾಕು. ಬೇಸಿಗೆಯಲ್ಲಿ ಕೆಲವು ದಿನ ನೀರು ಕಾಣದೆ ಬೆಳೆದ ಗೋಣಿ ಸೊಪ್ಪನ್ನು ಹೊತ್ತು ಮೂಡುವಾಗ ಒಂದೆಲೆ ಕಿತ್ತು ಜಗಿಯಿರಿ, ಅದೇ ಗಿಡದ್ದನ್ನು ಸಂಜೆ ಇನ್ನೊಂದು. ಹೊಟ್ಟೆ ತುಂಬ ನೀರಿರುವ ದಿನಗಳಲ್ಲಿ ಮಾಮೂಲು ಗಿಡದಂತೆ ಬದುಕುವ ಗೋಣಿ ಸೊಪ್ಪು, ನೀರು ನಿಂತಾಗ ಈ ರಾತ್ರಿಯ ದಾರಿಗೆ ಹೊರಳುತ್ತದೆ. ನಾವು ಕಳೆಯೆಂದು ಕಿತ್ತು ಬಿಸಾಡುವ ಗಿಡ ಇದು.

ಹೀಗಾಗಿ ಗಿಡದ ಪಟ್ಟಿಯನ್ನು ನಾನು ಗೋಣಿ ಸೊಪ್ಪಿನಿಂದಲೇ ಶುರುಮಾಡುತ್ತೇನೆ. ಹಣ ಕೊಟ್ಟು ತರಬೇಕಿಲ್ಲ. ನೆಲಕ್ಕೆ ಅಂಟಿಕೊಂಡು, ಕೆಂಪು ದಂಟು ಚಾಚಿ, ಒಂದು ಗಿಡವೇ ಎರಡು ಅಡಿ ಅಗಲ ಮುಚ್ಚುತ್ತದೆ. ಮಸ್ಸೊಪ್ಪಿಗೆ, ಬೇಳೆ ಜತೆ ಸಾರಿಗೆ ಇದರ ತುಸು ಹುಳಿ ಬಹಳ ಹೊಂದುತ್ತದೆ. ಎರಡು ಎಚ್ಚರ ಮಾತ್ರ ಬೇಕು. ಇದರಲ್ಲಿ ಆಕ್ಸಲೇಟ್ ಹೆಚ್ಚು, ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ದೂರ ಇಡಲಿ. ಇನ್ನೊಂದು, ಇದರ ಪಕ್ಕದಲ್ಲೇ ಇದನ್ನೇ ಹೋಲುವ, ನೆಲಕ್ಕೆ ಹಬ್ಬುವ ಹಾಲುಗಿಡಗಳೂ ಬೆಳೆಯುತ್ತವೆ. ದಂಟು ಮುರಿದಾಗ ಬಿಳಿ ಹಾಲು ಒಸರಿದರೆ ಅದು ಗೋಣಿ ಸೊಪ್ಪಲ್ಲ, ತಿನ್ನಬಾರದು. ರಸ್ತೆ ಬದಿಯ, ನಾಯಿ ಓಡಾಡುವ ಪಟ್ಟಿಯದ್ದನ್ನು ಅಡುಗೆಗೆ ತರುವುದೂ ಬೇಡ.

ಬಣ್ಣ ಬೇಕೆನ್ನುವವರಿಗೆ ಗೋಣಿ ಸೊಪ್ಪಿನ ನೆಂಟ ಟೇಬಲ್ ರೋಸ್ ಇದೆ. ನಮ್ಮ ಅಜ್ಜಿಯರ ಕಾಲದಿಂದ ಬಾವಿಕಟ್ಟೆಯ ಬಳಿ, ಒಡೆದ ಬಕೆಟ್ಟಿನಲ್ಲಿ ಬೆಳೆದು ಬಂದದ್ದು, ಹತ್ತು ಗಂಟೆ ಹೂ ಎಂದೂ ಕರೆಯುತ್ತಾರೆ. ತವರು ದಕ್ಷಿಣ ಅಮೆರಿಕದ ಬ್ರೆಜಿಲ್, ಅರ್ಜೆಂಟೀನಾ ಕಡೆಯ ಒಣ ನೆಲ. ನೆರಳಿದ್ದರೆ, ಮೋಡ ಕವಿದರೆ ಹೂ ಅರಳುವುದೇ ಇಲ್ಲ; ಹಾಗಾಗಿ ಹುಲ್ಲು ಸುಟ್ಟುಹೋಗುವ ಜಾಗವೇ ಇದಕ್ಕೆ ಸರಿಯಾದ ಜಾಗ. ಬೆಳಗ್ಗೆ ಹತ್ತರ ಹೊತ್ತಿಗೆ ಅರಳಿದ ಒಂದು ಹೂವಿನ ಮುಂದೆ ಮಕ್ಕಳನ್ನು ಕೂರಿಸಿ. ನಡುವಿನ ಹಳದಿ ಕೇಸರಗಳ ಗುಂಪನ್ನು ಒಂದು ಪಕ್ಕದಿಂದ ಹುಲ್ಲುಕಡ್ಡಿಯಲ್ಲಿ ಮೆಲ್ಲಗೆ ಸವರಲು ಹೇಳಿ. ಒಂದೆರಡು ಕ್ಷಣದಲ್ಲಿ ಕೇಸರಗಳೆಲ್ಲ ಮುಟ್ಟಿದ ಕಡೆಗೆ ಬಾಗುತ್ತವೆ. ಜೇನ್ನೊಣ ಬಂದು ಕೂತಾಗಲೂ ಹೀಗೇ ಬಾಗಿ ಅದರ ಮೈಗೆ ಪರಾಗ ಬಳಿಯುತ್ತವೆ. ಸ್ವಲ್ಪ ಹೊತ್ತು ಬಿಟ್ಟು ಸವರಿದರೆ ಮತ್ತೆ ಬಾಗುತ್ತವೆ. ಹುಲ್ಲುಹಾಸಿನ ಮುಂದೆ ಮಗು ಹೀಗೆ ಮಂಡಿಯೂರಿ ಕೂತದ್ದನ್ನು ನಾನು ಕಂಡಿಲ್ಲ.

ಟೇಬಲ್ ರೋಸ್‌ನ ಒಂದು ಗುಣ ತಿಳಿದಿರಲಿ. ನಾಲ್ಕಾರು ತಿಂಗಳಲ್ಲಿ ಅದರ ದಂಟು ಉದ್ದವಾಗಿ ಬುಡ ಬೋಳಾಗುತ್ತದೆ, ಜೋರು ಮಳೆಗಾಲದಲ್ಲಿ ಸೊರಗುತ್ತದೆ. ಬುಡದಿಂದ ಎರಡು ಮೂರು ಇಂಚು ಬಿಟ್ಟು ಕತ್ತರಿಸಿ, ಕತ್ತರಿಸಿದ ತುದಿಗಳನ್ನೇ ಬೋಳು ಜಾಗದಲ್ಲಿ ನೆಟ್ಟರೆ ಪಟ್ಟಿ ಮತ್ತೆ ತುಂಬುತ್ತದೆ. ವರ್ಷಕ್ಕೊಮ್ಮೆ ಈ ಕೆಲಸ ಇದ್ದೇ ಇದೆ.

ಇದಕ್ಕಿಂತ ಸ್ಥಿರವಾಗಿ ನಿಲ್ಲುವುದು ಬೇಬಿ ಸನ್ ರೋಸ್. ದಕ್ಷಿಣ ಆಫ್ರಿಕಾದ ಗಿಡ, ಹೊಳೆಯುವ ಪುಟ್ಟ ಎಲೆ, ಗುಲಾಬಿ ಕೆಂಪಿನ ಸಣ್ಣ ಹೂ. ಗೆಣ್ಣುಗೆಣ್ಣಿಗೂ ಬೇರೂರುತ್ತ ಹೋಗುವುದರಿಂದ ಇಳಿಜಾರಿನ ಮಣ್ಣನ್ನು ಹಿಡಿದಿಡಲು ಇದೇ ಒಳ್ಳೆಯದು. ನೇರಳೆ ಎಲೆಯ ಪರ್ಪಲ್ ಹಾರ್ಟ್ ಇನ್ನೂ ಗಟ್ಟಿ. ಸುಡುಬಿಸಿಲಿದ್ದರೆ ಕಡು ನೇರಳೆ, ನೆರಳಿಗೆ ಹೋದರೆ ಹಸಿರಿಗೆ ತಿರುಗುತ್ತದೆ. ಅಂಚು ಕಟ್ಟಲು ಗಿಡ್ಡ ಜಾತಿಯ ರಿಯೋ ಇದೆ. ಈ ಎರಡರ ರಸ ತಾಗಿದರೆ ಕೆಲವರಿಗೆ ಮೈ ತುರಿಸುತ್ತದೆ, ಕತ್ತರಿಸುವವರಿಗೆ ಕೈಗವಸು ಕೊಡಿ. ಲೋಳೆಸರವನ್ನು ಸಾಲಾಗಿ ನೆಟ್ಟು ಮರಿಗಳನ್ನು ಹಾಗೇ ಬಿಟ್ಟರೆ ಅದೂ ನೆಲ ಮುಚ್ಚುತ್ತದೆ. ಅರ್ಧ ದಿನ ಮಾತ್ರ ಬಿಸಿಲಿರುವ ಮೂಲೆಗೆ ದೊಡ್ಡಪತ್ರೆಗಿಂತ ಒಳ್ಳೆಯದಿಲ್ಲ; ತಂಬುಳಿಗೆ, ಬಜ್ಜಿಗೆ, ಮಕ್ಕಳ ಕೆಮ್ಮಿಗೆ ಬೀದಿಯವರೆಲ್ಲ ಬಂದು ಕಿತ್ತುಕೊಂಡು ಹೋಗುತ್ತಾರೆ, ಕಿತ್ತಷ್ಟೂ ಕವಲೊಡೆಯುತ್ತದೆ.

ವಿದೇಶದ ಚಿತ್ರಗಳಲ್ಲಿ ಕಾಣುವ ಸೀಡಮ್ ಜಾತಿಗಳ ಬಗ್ಗೆ ಒಂದು ಮಾತು. ಯುರೋಪಿನ ತಾರಸಿಗಳ ಮೇಲೆ ಕಂಬಳಿ ಹಾಸಿದಂತೆ ಬೆಳೆಯುವ ಸೀಡಮ್‌ಗಳು ಚಳಿಗಾಲದ ಹಿಮಕ್ಕೆ ಒಗ್ಗಿದವು. ನಮ್ಮ ಮಳೆಗಾಲದ ಬೆಚ್ಚನೆಯ ತೇವದಲ್ಲಿ ಅವು ಕೊಳೆಯುತ್ತವೆ. ನಮ್ಮ ನರ್ಸರಿಗಳಲ್ಲಿ ಸಿಗುವ ಹಳದಿ ಎಲೆಯ ಸೀಡಮ್ ಬೆಂಗಳೂರಿನಲ್ಲಿ ಬದುಕುತ್ತದೆ, ಆದರೆ ನೀರು ಕ್ಷಣವೂ ನಿಲ್ಲದ ಜಾಗದಲ್ಲಿ ಮಾತ್ರ. ಮೊದಲ ವರ್ಷವೇ ಅದಕ್ಕೆ ಹಣ ಹಾಕಬೇಡಿ. ಗುಲಾಬಿ ಹೂವಿನಾಕಾರದ ಎಲೆಜೋಡಣೆಯ ದುಬಾರಿ ಎಚಿವೇರಿಯಾಗಳನ್ನು ಬಯಲಲ್ಲಿ ನೆಡಲೇಬೇಡಿ, ಅವು ಕುಂಡದಲ್ಲಿ, ಮಳೆ ತಾಕದ ಸೂರಿನಡಿ ಇರಬೇಕಾದವು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ದಯವಿಟ್ಟು ಇದೊಂದನ್ನು ನಿಧಾನವಾಗಿ ಓದಿ. ಬೆಂಗಳೂರಿನಲ್ಲಿ ಈ ಗಿಡಗಳು ಬಿಸಿಲಿಗೆ ಸಾಯುವುದಿಲ್ಲ, ಸೆಪ್ಟೆಂಬರಿನಲ್ಲಿ ಸಾಯುತ್ತವೆ. ನಮ್ಮ ನಗರಕ್ಕೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ, ಅದರಲ್ಲಿ ದೊಡ್ಡ ಪಾಲು ಆಗಸ್ಟಿನಿಂದ ಅಕ್ಟೋಬರಿನೊಳಗೆ ಸುರಿಯುತ್ತದೆ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಹಿಡಿದಾಗ ಮಣ್ಣಿನೊಳಗೆ ಗಾಳಿಯಾಡದೆ ಬೇರು ಉಸಿರುಗಟ್ಟುತ್ತದೆ, ಅಲ್ಲಿಗೆ ಶಿಲೀಂಧ್ರ ಸೇರುತ್ತದೆ. ಮೇಲೆ ಎಲೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ದಂಟು ಎಳೆದರೆ ಬುಡ ಕಪ್ಪಾಗಿ ಕೈಗೇ ಬರುತ್ತದೆ. ಬೇಸಿಗೆಯಲ್ಲಿ ಅಷ್ಟು ಸೊಗಸಾಗಿದ್ದ ಪಟ್ಟಿ ದೀಪಾವಳಿ ಹೊತ್ತಿಗೆ ಬರಿದಾದದ್ದನ್ನು ಕಂಡು, ಈ ಗಿಡಗಳು ನಮ್ಮೂರಿಗೆ ಆಗುವುದಿಲ್ಲ ಎಂದು ತೀರ್ಮಾನಿಸಿ ಮತ್ತೆ ಹುಲ್ಲು ಹಾಸಿದ ಬಡಾವಣೆಗಳಿವೆ. ತೊಂದರೆ ಗಿಡದಲ್ಲಿರಲಿಲ್ಲ, ನೆಲದಲ್ಲಿತ್ತು.

ಹಾಗಾಗಿ ಗಿಡ ತರುವ ಮೊದಲು ನೆಲವನ್ನು ಪರೀಕ್ಷಿಸಿ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೆಯ ಸಲದ ನೀರು ನಾಲ್ಕೈದು ಗಂಟೆಯಲ್ಲಿ ಇಂಗಿದರೆ ನೆಲ ಚೆನ್ನಾಗಿದೆ. ರಾತ್ರಿ ಕಳೆದರೂ ನಿಂತಿದ್ದರೆ ಅಲ್ಲಿ ಏರುಮಡಿ ಕಟ್ಟಲೇಬೇಕು, ಎಂಟು ಒಂಬತ್ತು ಇಂಚು ಎತ್ತರಕ್ಕೆ, ನಡುವೆ ಉಬ್ಬಿಸಿ, ಎರಡೂ ಪಕ್ಕಕ್ಕೆ ಇಳಿಜಾರು ಕೊಟ್ಟು. ಮಣ್ಣಿನ ಮಿಶ್ರಣಕ್ಕೆ ಎರಡು ಪಾಲು ಕೆಮ್ಮಣ್ಣು, ಎರಡು ಪಾಲು ದಪ್ಪ ಮರಳು ಅಥವಾ ಗರಸು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮೇಲೊಂದಿಷ್ಟು ಬೇವಿನ ಹಿಂಡಿ. ಗೊಬ್ಬರ ಹೆಚ್ಚು ಹಾಕುವ ಆಸೆ ಬೇಡ. ಗಿಡ ಕೊಬ್ಬಿ, ದಂಟು ಮೆತ್ತಗಾಗಿ, ಮೊದಲ ಮಳೆಗೇ ಮಲಗುತ್ತದೆ. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದು ಬಳಸಿ, ಅದರಲ್ಲಿರುವ ನುಣ್ಣನೆಯ ಕಲ್ಲುಪುಡಿ ನೀರಿನೊಡನೆ ಕೂಡಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ನಮ್ಮ ಬಹಳಷ್ಟು ಬಡಾವಣೆಗಳ ಅಂಚಿನ ಪಟ್ಟಿಗಳಲ್ಲಿ ಮನೆ ಕಟ್ಟುವಾಗಿನ ಡೆಬ್ರಿ ಹೂತುಹೋಗಿದೆ. ಇಟ್ಟಿಗೆ ಚೂರು ಇದ್ದರೆ ಇರಲಿ, ನೀರು ಇಳಿಯಲು ಒಳ್ಳೆಯದೇ. ಸಿಮೆಂಟಿನ ಹೆಂಟೆ, ಸುಣ್ಣದ ಗಾರೆ, ಪ್ಲಾಸ್ಟಿಕ್ ಹೆಕ್ಕಿ ತೆಗೆಸಿ.

ಅದಕ್ಕೂ ಮುಂಚಿನ ಕೆಲಸ ಕಳೆಯದು. ಈ ಪತ್ರದಲ್ಲಿ ಹೇಳಿದ್ದರಲ್ಲೆಲ್ಲ ನಿಜವಾಗಿ ಬೆವರು ಬೇಡುವುದು ಇದೇ. ಹಳೆಯ ಹುಲ್ಲು, ಗರಿಕೆ ಮತ್ತು ಜೇಕು ಉಳಿದರೆ ನಿಮ್ಮ ಗಿಡಗಳ ನಡುವಿನಿಂದಲೇ ತಲೆಯೆತ್ತುತ್ತವೆ, ಆಮೇಲೆ ಅವನ್ನು ಬಿಡಿಸುವುದು ಬಹಳ ಕಷ್ಟ. ಗರಿಕೆಯ ಬೇರಿನ ಒಂದು ತುಂಡು ಸಾಕು, ಜೇಕಿನ ಒಂದು ಗಡ್ಡೆ ಸಾಕು. ಗುದ್ದಲಿಯಿಂದ ಒಂದಡಿ ಅಗೆದು, ಮಣ್ಣು ಹೊರಳಿಸಿ ಒಣಗಲು ಬಿಟ್ಟು, ನೀರು ಚಿಮುಕಿಸಿ, ಮತ್ತೆ ಮೊಳೆತದ್ದನ್ನು ಮತ್ತೆ ಕಿತ್ತು, ಹೀಗೆ ಎರಡು ಮೂರು ಸುತ್ತು ಮಾಡಿದ ಮೇಲೆಯೇ ನಾಟಿ. ಜನವರಿಯಲ್ಲಿ ಶುರುಮಾಡಿದರೆ ಫೆಬ್ರವರಿ ಕೊನೆಗೆ ಹದಕ್ಕೆ ಬರುತ್ತದೆ. ಕಳೆನಾಶಕ ಹೊಡೆಸಿ ಎಂದು ಗುತ್ತಿಗೆದಾರ ಹೇಳಿದರೆ ಒಪ್ಪಬೇಡಿ. ಮಕ್ಕಳು, ನಾಯಿಗಳು ಓಡಾಡುವ, ಮುಂದೆ ಯಾರೋ ಸೊಪ್ಪು ಕೀಳಬಹುದಾದ ನೆಲ ಅದು.

ನಾಟಿಗೆ ಮೂರು ನಾಲ್ಕು ಇಂಚಿನ ಕಡ್ಡಿಗಳು ಸಾಕು, ಕೊಟ್ಟೆ ಗಿಡ ಕೊಳ್ಳುವ ಅಗತ್ಯವೇ ಇಲ್ಲ. ತುಂಬ ರಸವಿರುವ ಗಿಡದ ಕಡ್ಡಿಗಳನ್ನು ಕತ್ತರಿಸಿ ಎರಡು ಮೂರು ದಿನ ನೆರಳಲ್ಲಿ ಹಾಗೇ ಇಡಿ, ಕೊಯ್ದ ಗಾಯ ಒಣಗಲಿ. ಅರ್ಧ ಅಡಿಗೊಂದರಂತೆ ಚುಚ್ಚಿ. ಮೊದಲ ನಾಲ್ಕು ವಾರ ಎರಡು ಮೂರು ದಿನಕ್ಕೊಮ್ಮೆ ತುಸು ನೀರು. ಮಾರ್ಚ್ ಮೊದಲಲ್ಲಿ ನೆಟ್ಟದ್ದು ಭರಣಿ, ಕೃತ್ತಿಕೆ ಮಳೆಯ ಹೊತ್ತಿಗೆ ಬೇರೂರಿರುತ್ತದೆ, ಮುಂಗಾರು ಬಲವಾಗುವಾಗ ನೆಲ ಬಹುಪಾಲು ಮುಚ್ಚಿರುತ್ತದೆ. ಆಮೇಲೆ ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ 10 ಮಿ.ಮೀ. ಕೊಟ್ಟರೆ ಸಾಕು. ಸಾವಿರ ಚದರ ಅಡಿಗೆ ತಿಂಗಳಿಗೆ 2,800 ಲೀಟರ್ ಆಯಿತು, ಹುಲ್ಲಿಗೆ ಕೊಡುತ್ತಿದ್ದುದರ ಐದರಲ್ಲೊಂದು ಪಾಲು. ನಡುವೆ ಮಳೆ ಬಂದರೆ ಅದೂ ಬೇಡ. ಕ್ಯಾಲೆಂಡರಿಗಿಂತ ಎಲೆಯನ್ನು ನಂಬಿ. ಕೆಳಗಿನ ಎಲೆಯನ್ನು ಬೆರಳಲ್ಲಿ ಒತ್ತಿ ನೋಡಿ: ಗಟ್ಟಿಯಾಗಿದ್ದರೆ ನೀರು ಬೇಡ, ಸುಕ್ಕುಗಟ್ಟಿ ತೆಳ್ಳಗಾಗಿದ್ದರೆ ಬೇಕು, ಹಳದಿಯಾಗಿ ನೀರುನೀರಾಗಿದ್ದರೆ ಈಗಾಗಲೇ ಹೆಚ್ಚಾಗಿದೆ.

ಈಗ ಮಾಲಿಗಳ ವಿಷಯ. ನೀರು ಬಿಡುವ ಕೆಲಸ ಕಡಿಮೆಯಾಯಿತು ಎಂಬ ಕಾರಣಕ್ಕೆ ಒಬ್ಬ ಮಾಲಿಯನ್ನು ಕೈಬಿಡುವ ಲೆಕ್ಕಾಚಾರ ಕೆಲವು ಸಂಘಗಳಲ್ಲಿ ಖಂಡಿತ ಬರುತ್ತದೆ. ಹಾಗೆ ಮಾಡಬೇಡಿ. ಆರೈಕೆ ಕಡಿಮೆ ಬೇಡುವ ಗಿಡ ಎಂದರೆ ಆರೈಕೆಯೇ ಬೇಡದ ಗಿಡ ಎಂದಲ್ಲ. ಮೊದಲ ವರ್ಷ ಕಳೆ ಕೀಳುವುದೇ ದೊಡ್ಡ ಕೆಲಸ. ಆಮೇಲೆ ಮಳೆಗಾಲ ಮುಗಿದಾಗ ಕತ್ತರಿಸುವುದು, ಬೋಳು ಜಾಗಕ್ಕೆ ಕಡ್ಡಿ ಚುಚ್ಚುವುದು, ಮರಿ ಬಿಡಿಸುವುದು, ಹಿಟ್ಟು ತಿಗಣೆ ಕಂಡರೆ ಸೋಪಿನ ನೀರು, ಬೇವಿನೆಣ್ಣೆ ಸಿಂಪಡಿಸುವುದು, ಮಳೆಯ ರಾತ್ರಿಗಳಲ್ಲಿ ದೊಡ್ಡ ಬಸವನಹುಳುಗಳನ್ನು ಆರಿಸುವುದು ಇವೆ. ಪೈಪ್ ಹಿಡಿದು ನಿಲ್ಲುವುದಕ್ಕಿಂತ ಇದಕ್ಕೆ ಹೆಚ್ಚು ಕಸುಬು ಬೇಕು. ಮಾಲಿಯನ್ನು ಸಭೆಗೆ ಕರೆಯಿರಿ, ಕೂರಿಸಿ, ನೀರು ಯಾಕೆ ನಿಲ್ಲಿಸುತ್ತಿದ್ದೇವೆ ಎಂದು ತಿಳಿಸಿ ಹೇಳಿ. ದಿನವೂ ನೀರು ಬಿಡದಿದ್ದರೆ ಸೋಮಾರಿ ಎಂದು ಬೈಸಿಕೊಳ್ಳುವ ಭಯ ಅವರಿಗಿದೆ. ಆ ಭಯ ಹೋಗದೆ ಬೆಳಗಿನ ಪೈಪ್ ನಿಲ್ಲುವುದಿಲ್ಲ, ಗಿಡ ಉಳಿಯುವುದಿಲ್ಲ.

ಹುಲ್ಲು ತಂಪು ಕೊಡುತ್ತದೆಯಲ್ಲ ಎಂದು ನೀವು ಕೇಳುತ್ತೀರಿ. ಹೌದು, ಕೊಡುತ್ತದೆ. ನೀರು ಆವಿಯಾಗುವುದರಿಂದ ಬರುವ ತಂಪು ಅದು. ಹಗಲಲ್ಲಿ ರಂಧ್ರ ಮುಚ್ಚಿಕೊಳ್ಳುವ ಗಿಡ ಅಷ್ಟು ತಂಪು ಕೊಡಲಾರದು, ಬರಿಯ ಮಣ್ಣಿಗಿಂತ, ಕಾಂಕ್ರೀಟಿಗಿಂತ ಮೇಲು, ಅಷ್ಟೇ. ತಂಪು ಬೇಕೆಂದರೆ ಪಟ್ಟಿಯಲ್ಲಿ ಜಾಗವಿರುವ ಕಡೆ ಹೊಂಗೆ ನೆಡಿ. ಅದರ ನೆರಳು ಬೆಳೆದಂತೆ ಬಿಸಿಲಿನ ಗಿಡಗಳನ್ನು ಹೊರಕ್ಕೆ ಸರಿಸುತ್ತ, ಅಡಿಗೆ ದೊಡ್ಡಪತ್ರೆ ತರುತ್ತ ಹೋಗಿ. ಪ್ಲಾಸ್ಟಿಕ್ ಹುಲ್ಲು ಮಾತ್ರ ಯಾವ ಕಾರಣಕ್ಕೂ ಬೇಡ. ಬಿಸಿಲಲ್ಲಿ ಬರಿಗಾಲಿಡಲಾಗದಷ್ಟು ಕಾಯುತ್ತದೆ, ಕೆಲ ವರ್ಷದಲ್ಲಿ ಎಳೆಎಳೆಯಾಗಿ ಉದುರಿ ಚರಂಡಿ ಸೇರುತ್ತದೆ. ಬಿಳಿ ಕಲ್ಲು ಹರಡುವುದೂ ಪರಿಹಾರವಲ್ಲ, ಗೋಡೆಗೂ ಕಿಟಕಿಗೂ ಬಿಸಿಲನ್ನು ಎರಚುತ್ತದೆ. ಜನ ಅಡ್ಡ ಹಾಯುವ ಕಡೆ ಸಾದರಹಳ್ಳಿ ಕಲ್ಲಿನ ಚಪ್ಪಡಿ ಹಾಕಿಸಿಬಿಡಿ, ಈ ಗಿಡಗಳು ತುಳಿತ ತಾಳುವುದಿಲ್ಲ.

ಬೆಳೆಸಲು ಸುಲಭವಾದ ಗಿಡ ಹರಡಲೂ ಸುಲಭ. ನಮ್ಮ ನಾಡು ಈ ಪಾಠವನ್ನು ಪಾಪಾಸುಕಳ್ಳಿಯಿಂದ ಕಲಿತಿದೆ. ಕೆಂಪು ಬಣ್ಣ ಕೊಡುವ ಕೀಟ ಸಾಕುವ ಆಸೆಯಿಂದ ಕಂಪನಿ ಸರ್ಕಾರ ಆ ಕಳ್ಳಿಗೆ ಉತ್ತೇಜನ ಕೊಟ್ಟಿತು; 1795ರಲ್ಲಿ ಬ್ರೆಜಿಲ್‌ನಿಂದ ಕೀಟವೂ ಬಂತು. ಬಣ್ಣದ ಉದ್ಯಮ ಕೈಗೂಡಲಿಲ್ಲ, ಪಾಪಾಸುಕಳ್ಳಿಯ ಒಂದು ಜಾತಿ ದಕ್ಷಿಣ ಭಾರತದ ಹೊಲ, ಗೋಮಾಳಗಳನ್ನು ತುಂಬಿತು. ಕೊನೆಗೆ 1926ರಲ್ಲಿ ಶ್ರೀಲಂಕಾದಿಂದ ಅದೇ ಕುಲದ ಇನ್ನೊಂದು ಕೀಟವನ್ನು ತಂದು ಬಿಟ್ಟ ಮೇಲೆ ಆ ಕಳ್ಳಿ ಹತೋಟಿಗೆ ಬಂತು. ಆದ್ದರಿಂದ ಒಂದು ಗಿಡವನ್ನು ಹೆಸರಿಸಿ ಬೇಡ ಎನ್ನುತ್ತೇನೆ. ಎಲೆಯ ತುದಿಯಲ್ಲಿ ಸಾಲಾಗಿ ಮರಿ ಹುಟ್ಟಿ ಉದುರುವ, ಕೊಳವೆಯಂಥ ಎಲೆಯ ಮಡಗಾಸ್ಕರ್ ಕಲಂಚೊ, ನರ್ಸರಿಯಲ್ಲಿ ಮದರ್ ಆಫ್ ಮಿಲಿಯನ್ಸ್. ದನ ಮೇಯ್ದರೆ ಹೃದಯ ನಿಂತು ಸಾಯುವಷ್ಟು ವಿಷ ಅದರಲ್ಲಿದೆ. ನಮ್ಮ ಬಡಾವಣೆಗಳ ಖಾಲಿ ಸೈಟುಗಳಲ್ಲಿ ಇಂದಿಗೂ ದನ ಮೇಯುತ್ತವೆ. ಬೇರೆ ಗಿಡಗಳ ಕತ್ತರಿಸಿದ ತುಂಡುಗಳನ್ನೂ ಖಾಲಿ ಸೈಟಿಗೆ, ರಾಜಕಾಲುವೆಗೆ ಎಸೆಯಬೇಡಿ. ಬಿದ್ದಲ್ಲೇ ಬೇರೂರುತ್ತವೆ. ಹಾಗೆಯೇ ಚಿತ್ರದುರ್ಗ, ರಾಮನಗರದ ಬಂಡೆಗಳ ಸಂದಿನಿಂದ ಕಾಡು ರಸಗಿಡಗಳನ್ನು ಕಿತ್ತು ತರುವ ಚಪಲವೂ ಬೇಡ, ಅವು ಇರಬೇಕಾದ್ದು ಅಲ್ಲಿಯೇ.

ಕಾಡುಬಸಳೆ ಒಂದೆರಡು ಗಿಡ ಒಂದು ಮೂಲೆಯಲ್ಲಿ, ಬೇಲಿಯೊಳಗೆ ಇರಲಿ ಎಂಬುದು ನನ್ನ ಆಸೆ. ಕಾರಣ ಒಂದು ಚಿಟ್ಟೆ. ರೆಡ್ ಪಿಯರೊ ಎಂಬ ಈ ಪುಟ್ಟ ಚಿಟ್ಟೆಯ ರೆಕ್ಕೆಯ ಅಡಿಭಾಗ ಬಿಳಿ, ಅದರ ಮೇಲೆ ಕಪ್ಪು ಚುಕ್ಕಿ, ಹಿಂದಿನ ಅಂಚಿಗೆ ಅಗಲವಾದ ಕಿತ್ತಳೆ ಪಟ್ಟಿ. ಇದು ಮೊಟ್ಟೆಯಿಡುವುದು ಕಾಡುಬಸಳೆಯಂಥ ಗಿಡಗಳ ಮೇಲೆ. ಮೊಟ್ಟೆಯೊಡೆದ ಹುಳು ಎಲೆಯನ್ನು ಹೊರಗಿನಿಂದ ತಿನ್ನುವುದಿಲ್ಲ, ಒಳಕ್ಕೆ ಕೊರೆದು ಹೋಗಿ ಎರಡು ಸಿಪ್ಪೆಗಳ ನಡುವಿನ ತಿರುಳನ್ನು ತಿನ್ನುತ್ತದೆ. ಮಾಸಿದ ಕಲೆಯಿರುವ ಎಲೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಹುಳು ಮೆಲ್ಲಗೆ ಸರಿಯುವುದು ಕಾಣುತ್ತದೆ. ರೋಗ ಬಂದಿದೆ ಎಂದು ಔಷಧಿ ಹೊಡೆಸಿಬಿಡುತ್ತಾರೆ. ಹಾಗೆ ಮಾಡದಂತೆ ಮಾಲಿಗೂ ಮನೆಯವರಿಗೂ ಹೇಳಿಡಿ.

ಈ ಪತ್ರ ಬೆಂಗಳೂರಿನವರಿಗೆ ಬರೆದದ್ದು. ಬಳ್ಳಾರಿ, ಚಿತ್ರದುರ್ಗದ ಕೆಂಪು ನೆಲದವರಿಗೆ ಇದು ಇನ್ನೂ ಸುಲಭ, ಅಲ್ಲಿ ಮಳೆಯೇ 500–600 ಮಿ.ಮೀ. ಆಸುಪಾಸು. ವಿಜಯಪುರ, ಕಲಬುರಗಿಯ ಎರೆಭೂಮಿಯಲ್ಲಿ ಮಾತ್ರ ಏರುಮಡಿ ಇಲ್ಲದೆ ಕೈಹಾಕಬೇಡಿ. ಬೇಸಿಗೆಯಲ್ಲಿ ಬಾಯಿಬಿಡುವ ಆ ಮಣ್ಣು ಮಳೆಗಾಲದಲ್ಲಿ ನೀರು ಬಿಟ್ಟುಕೊಡುವುದಿಲ್ಲ. ಮಳೆ ಬಹಳ ಹೆಚ್ಚಿರುವ ಕರಾವಳಿಯವರು ಇದನ್ನು ಹಾಗೇ ಅನುಸರಿಸುವಂತಿಲ್ಲ.

ಕೊನೆಯದಾಗಿ, ಸಭೆಯ ನಡಾವಳಿಯಲ್ಲಿ ಬರೆಸಲು ಒಂದು ನಿರ್ಣಯದ ಕರಡು ಕೊಡುತ್ತಿದ್ದೇನೆ. ಬೇಕಾದಂತೆ ತಿದ್ದಿಕೊಳ್ಳಿ: “ಬಡಾವಣೆಯಲ್ಲಿ ಯಾರೂ ಬಳಸದ, ಆರು ಗಂಟೆಗಿಂತ ಹೆಚ್ಚು ಬಿಸಿಲು ಬೀಳುವ ಒಂದು ಪಟ್ಟಿಯನ್ನು ಈ ವರ್ಷ ಆರಿಸಿ, ಅಲ್ಲಿನ ಹುಲ್ಲು ತೆಗೆದು, ನೀರು ಬಸಿಯುವಂತೆ ಮಡಿ ಕಟ್ಟಿ, ನೆಲಹಬ್ಬುವ ರಸಗಿಡಗಳನ್ನು ನೆಡುವುದು. ಆ ಪಟ್ಟಿಗೆ ಬಳಸಿದ ನೀರನ್ನು ಪ್ರತ್ಯೇಕವಾಗಿ ಬರೆದಿಡುವುದು. ಮಾಲಿಗಳ ಸಂಬಳದಲ್ಲಾಗಲಿ ಸಂಖ್ಯೆಯಲ್ಲಾಗಲಿ ಕಡಿತ ಮಾಡದಿರುವುದು. ನೆಟ್ಟ ನಂತರದ ಮೊದಲ ಚಿತ್ತೆ ಮಳೆ ಮುಗಿದ ಮೇಲೆ ಉಳಿದ ಪಟ್ಟಿಗಳ ಬಗ್ಗೆ ತೀರ್ಮಾನಿಸುವುದು.” ಒಂದೇ ಪಟ್ಟಿ ಸಾಕು ಎಂದು ಬೇಕೆಂದೇ ಬರೆದಿದ್ದೇನೆ. ಒಂದು ಮಳೆಗಾಲ ದಾಟಿದ ಪಟ್ಟಿಯಿಂದ ಇಡೀ ಬಡಾವಣೆಗೆ ಬೇಕಾದಷ್ಟು ಕಡ್ಡಿ ಸಿಗುತ್ತದೆ, ಎರಡನೆಯ ವರ್ಷ ಗಿಡಕ್ಕೆ ಒಂದು ರೂಪಾಯಿಯೂ ಬೇಕಾಗುವುದಿಲ್ಲ.

ಮೊದಲ ವರ್ಷದ ಕಡ್ಡಿಗಳನ್ನು ಕೊಳ್ಳುವ ಬದಲು ನಿಮ್ಮ ಬೀದಿಯಲ್ಲೇ ಕೇಳಿ. ಯಾವುದೋ ಮನೆಯ ತಾರಸಿಯಲ್ಲಿ ಟೇಬಲ್ ರೋಸ್ ಇದ್ದೇ ಇರುತ್ತದೆ, ಯಾವುದೋ ಅಡುಗೆಮನೆಯ ಹಿಂದೆ ದೊಡ್ಡಪತ್ರೆ. ನಮ್ಮ ಬಡಾವಣೆಯ ಪಟ್ಟಿಯಲ್ಲಿರುವುದನ್ನು ನಾನೂ ಕೊಡುತ್ತೇನೆ. ಫೆಬ್ರವರಿ ಕೊನೆಯ ವಾರ ಕತ್ತರಿಸುತ್ತೇವೆ. ಬರುವವರು ಪ್ಲಾಸ್ಟಿಕ್ ಚೀಲ ತರಬೇಡಿ, ಒಳಗೆ ಬೆವೆತು ಕಡ್ಡಿ ಕೊಳೆಯುತ್ತದೆ. ಹಳೆಯ ಪತ್ರಿಕೆ ತಂದರೆ ಸುತ್ತಿ ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಪೂರ್ವ ಬೆಂಗಳೂರಿನ ಬಡಾವಣೆಯೊಂದರ ನಿವಾಸಿ